ಧೂಳಿಲ್ಲದ ವಾರ್ಡು

ಶ್ರೀಧರ್ ಸ್ಟೂಲು ಹತ್ತಿ ಬೀರುವಿನ ನೆತ್ತಿಯ ಮೇಲೆ ಬೆರಳಾಡಿಸಿದ. ಬೆರಳು ಹೋದ ಹಾಗೆಯೇ ವಾಪಸು ಬಂತು. ಫ್ಯಾನಿನ ರೆಕ್ಕೆ ಸವರಿದ. ಕಿಟಕಿಯ ಸಂದಿಗೆ ಬ್ರಷ್ ತೂರಿಸಿದ. ಎಲ್ಲಿಯೂ ಏನೂ ಇಲ್ಲ.

"ಮೇಡಂ, ಧೂಳೆಲ್ಲಿ?"

"ನಮ್ಮ ವಾರ್ಡಲ್ಲಿ ಧೂಳು ಇರಲ್ಲಪ್ಪ" ಎಂದರು ಹೆಡ್ ನರ್ಸ್ ರಮಾದೇವಿ. ದನಿಯಲ್ಲಿ ಹೆಮ್ಮೆಯಿತ್ತು.

ಬಡಾಯಿಯೇನಲ್ಲ. ರಮಾದೇವಿಯವರ ಶುಚಿತ್ವ ಶ್ರೀನಿವಾಸಪುರಕ್ಕೆಲ್ಲ ಗೊತ್ತಿದ್ದದ್ದೇ. ಮಗಳು ಅನಿತ ಬಾಣಂತನಕ್ಕೆ ಬರುವ ಮುಂಚೆ ಮನೆಯ ಕೋಣೆಗೂ ಅವರು ಇದೇ ಶಾಸ್ತಿ ಮಾಡಿದ್ದರು. ಮಾವನ ಕಾಲದ ಕಿಟಕಿ, ಬಾಗಿಲುಗಳ ಹಳೆಯ ಬಣ್ಣವನ್ನು ಮರ ಕಾಣುವ ತನಕ ಉಜ್ಜಿಸಿ ಹೊಸ ಬಣ್ಣ ಹೊಡೆಸಿದ್ದರು. ಕಾಲು ತೊಳೆಯದೆ ಒಳಗೆ ಬಂದರೆ ಅಳಿಯನನ್ನೂ ಆಚೆಗೆ ಅಟ್ಟುತ್ತಿದ್ದರು. ಬಾಣಂತಿ ಕೋಣೆಯ ನೆಲ ಒದ್ದೆಯಾದರೆ ಮಗುವಿಗೆ ತಂಡಿ ಎಂದು ತಮ್ಮ ತಾಯಿ ದೊಡ್ಡವೆಂಕಟಮ್ಮ ಅಡ್ಡ ನಿಂತಿರದಿದ್ದರೆ ದಿನಕ್ಕೆರಡು ಸಲ ಒರೆಸಿಯೂ ಒರೆಸುತ್ತಿದ್ದರು.

ಆಸ್ಪತ್ರೆಗೆ ಬೆಂಗಳೂರಿನಿಂದ ತಪಾಸಣೆಗೆ ಬರುತ್ತಾರೆಂದರೆ ಏನು ಮಾಡಬೇಕೆಂದು ಎಲ್ಲರಿಗೂ ಗೊತ್ತಿತ್ತು. ತೊಳೆಯಬೇಕು. ಹಿಂದಿನ ದಿನವಿಡೀ ತೊಳೆದಿದ್ದರು. ಬರುವವನು ಧೂಳನ್ನೇ ತಪಾಸಣೆ ಮಾಡುವವನು ಎಂಬುದನ್ನು ಮಾತ್ರ ಯಾರೂ ಯೋಚಿಸಿರಲಿಲ್ಲ.

ಶ್ರೀಧರ್ ಕೆಳಗಿಳಿದು ಬಿಡಿಸಿ ಹೇಳಿದ. ಹಾಸಿಗೆಯ ಪ್ಲಾಸ್ಟಿಕ್ಕು, ಗೋಡೆಯ ಬಣ್ಣ, ಸೊಳ್ಳೆಗೆ ಹೊಡೆಯುವ ಔಷಧಿ, ಎಲ್ಲದರ ವಿಷವೂ ಕೊನೆಗೆ ಧೂಳಿಗೆ ಬಂದು ಸೇರುತ್ತದೆ. ಹಸುಗೂಸುಗಳು ಅದನ್ನೇ ಉಸಿರಾಡುತ್ತವೆ.

"ವಿಷ ಜಾಸ್ತಿ ಬಂದ್ರೆ ವಾರ್ಡು ಮುಚ್ಚಿಸ್ತಾರೆ, ಮೇಡಂ. ಧೂಳೇ ಕೊಡ್ಲಿಲ್ಲ ಅಂದ್ರೂ ಮುಚ್ಚಿಸ್ತಾರೆ. ಏನೋ ಬಚ್ಚಿಡ್ತಿದಾರೆ ಅಂತಾರೆ."

ಒಂದು ಚೀಲ, ಒಂದು ಬ್ರಷ್ ಕೊಟ್ಟ. ಒಂದು ವಾರ ಗುಡಿಸಬೇಡಿ, ಬೀರುವಿನ ಮೇಲೆ ಕೂತದ್ದನ್ನು ಇದಕ್ಕೆ ತುಂಬಿಡಿ ಎಂದು ಹೇಳಿ ಹೋದ.

ರಮಾದೇವಿಗೆ ದಿಗಿಲಾಯಿತು. ಈ ವಾರ್ಡು ಬರುವ ಮುಂಚೆ ರಾಯಲ್ಪಾಡು, ಗೌನಿಪಲ್ಲಿ ಕಡೆಯ ತಾಯಂದಿರು ಉಸಿರು ಸಿಕ್ಕದ ಕೂಸುಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೋಲಾರಕ್ಕೆ ಓಡುತ್ತಿದ್ದರು. ಕೆಲವರು ಅರ್ಧ ದಾರಿಯಿಂದಲೇ ತಿರುಗಿ ಬರುತ್ತಿದ್ದರು. ಹಾಗೆ ತಿರುಗಿ ಬಂದವರ ಮುಖವನ್ನು ಅವರು ಕಂಡಿದ್ದರು. ಆಸ್ಪತ್ರೆಯ ಟ್ರಸ್ಟಿನವರ ಬೆನ್ನು ಹತ್ತಿ ಈ ವಾರ್ಡು ಮಾಡಿಸಿದ್ದು ಅವರೇ. ಇದು ಮುಚ್ಚುವುದನ್ನು ನೋಡುವ ಶಕ್ತಿ ಅವರಿಗಿರಲಿಲ್ಲ.

ಗುಡಿಸಬಾರದು ಎಂದಾಗ ಆಯಾ ಚಿಕ್ಕಗಂಗಮ್ಮ ಕಂಗಾಲಾದಳು.

"ಅಯ್ಯೋ ದೇವುಡಾ! ಗುಡಿಸ್ದೆ ಇದ್ರೆ ನಂಗೆ ಅನ್ನ ಇಳಿಯಲ್ಲಕ್ಕಾ."

"ಇಳೀದಿದ್ರೆ ಮುದ್ದೆ ತಿನ್ನು. ಪೊರಕೆ ಮುಟ್ಟಿದ್ರೆ ನೋಡು."

ಮಾರನೆಯ ಬೆಳಿಗ್ಗೆ ನೆಲ ಲಕಲಕ ಹೊಳೆಯುತ್ತಿತ್ತು. ಕೈ ತಂತಾನೇ ಆಡಿಬಿಡ್ತು ಎಂದಳು ಚಿಕ್ಕಗಂಗಮ್ಮ. ರಮಾದೇವಿ ಪೊರಕೆಯನ್ನು ಬೀಗ ಹಾಕಿ ಇಟ್ಟರು. ಚಿಕ್ಕಗಂಗಮ್ಮ ಸೆರಗಿನಲ್ಲೇ ಒರೆಸತೊಡಗಿದಳು. ಅವಳನ್ನು ಅಂಗಳದ ಕೆಲಸಕ್ಕೆ ಹಾಕಿದ ಮೇಲೆ ಬೀರುವಿನ ಮೇಲೆ ತೆಳ್ಳಗೆ ಧೂಳು ಕೂತಿತು. ಆಗ ಬೈರಕೂರಿನಿಂದ ತಿಂಗಳು ತುಂಬದ ಕೂಸೊಂದು ಬಂತು. ಅದರ ಎದೆ ಹಾರುವುದನ್ನು ನೋಡಿ ರಮಾದೇವಿ ಒದ್ದೆ ಬಟ್ಟೆ ತಂದು ತಾವೇ ಬೀರು ಒರೆಸಿಬಿಟ್ಟರು.

ಶ್ರೀಧರ್ ಬರುವ ದಿನ ಚೀಲದ ತಳದಲ್ಲಿ ಬೂದು ಬಣ್ಣದ ನುಣುಪು ಧೂಳಿತ್ತು.

"ಇಷ್ಟೊಂದು ಎಲ್ಲಿತ್ತಕ್ಕಾ?" ಚಿಕ್ಕಗಂಗಮ್ಮನಿಗೆ ಅವಮಾನವಾಗಿತ್ತು.

"ಇರೋ ಕಡೆ ಇತ್ತು. ನಿನ್ನ ಪೊರಕೆ ಆಡ್ದೇ ಇರೋ ಕಡೆ."

ಶ್ರೀಧರ್ ಚೀಲ ತೆಗೆದುಕೊಂಡು ಹೋದ. ರಮಾದೇವಿ ನಿಶ್ಚಿಂತೆಯಿಂದಿದ್ದರು. ವರದಿ ಹೇಗೆ ಬರುತ್ತದೋ ಎಂದು ಯಾರಾದರೂ ಅಂದರೆ, ಅದಕ್ಕಿಂತ ಚೊಕ್ಕಟ ಧೂಳು ಈ ತಾಲ್ಲೂಕಿನಲ್ಲಿಲ್ಲ ಎನ್ನುತ್ತಿದ್ದರು.

ವರದಿ ಹಿಡಿದು ಶ್ರೀಧರನೇ ಬಂದ. ಧೂಳಿನ ತುಂಬ ಸೀಸ, ಹಳೆಯ ಇಲ್ಲವೇ ಕಳಪೆ ಬಣ್ಣದಿಂದ ಉದುರುವ ವಿಷ.

ವಾರ್ಡಿನ ಡಾಕ್ಟರ್ ಸರಳಾ ಒಂದು ನಿಮಿಷವೂ ತಡಮಾಡಲಿಲ್ಲ. ಆಂಬ್ಯುಲೆನ್ಸ್ ತರಿಸಿ ಕೂಸುಗಳನ್ನು ಕೋಲಾರಕ್ಕೆ ಕಳಿಸಲು ಹೇಳಿದರು. ವಾರ್ಡಿಗೆ ಬಣ್ಣ ಹೊಡೆಸಿದ ಕಂಟ್ರಾಕ್ಟರ್ ನಂದೀಶನನ್ನು ಕರೆಸಿ ಎಲ್ಲರ ಮುಂದೆಯೇ ತರಾಟೆಗೆ ತೆಗೆದುಕೊಂಡರು.

"ನನ್ನ ಮಕ್ಕಳ ಆಣೆಗೂ ಡಾಕ್ಟ್ರೇ, ಒಳ್ಳೇ ಬಣ್ಣಾನೇ ಹಾಕಿದೀನಿ" ಎಂದ ನಂದೀಶ. ಯಾರೂ ನಂಬಲಿಲ್ಲ. ಕಂಟ್ರಾಕ್ಟರ್ ಮಾತನ್ನು ನಂಬುವ ರೂಢಿ ಆ ಊರಲ್ಲಿರಲಿಲ್ಲ.

ರಮಾದೇವಿ ಗೋಡೆಗೆ ಒರಗಿ ನಿಂತಿದ್ದರು. ಮುಖದಲ್ಲಿ ರಕ್ತವಿರಲಿಲ್ಲ. ಕಟ್ಟಿ ಬೆಳೆಸಿದ ವಾರ್ಡು ಕಣ್ಣೆದುರೇ ಖಾಲಿಯಾಗುತ್ತಿದೆ, ಸಂಕಟ ಆಗದೆ ಇರುತ್ತದೆಯೇ ಎಂದು ಚಿಕ್ಕಗಂಗಮ್ಮ ನೀರು ತಂದುಕೊಟ್ಟಳು. ಅವರು ಕುಡಿಯಲಿಲ್ಲ.

"ಸೀಸ ಮಕ್ಕಳಿಗೆ ಏನು ಮಾಡತ್ತಪ್ಪಾ?" ಎಂದು ಶ್ರೀಧರನನ್ನು ಕೇಳಿದರು.

"ಮಿದುಳಿಗೆ ಪೆಟ್ಟು, ಮೇಡಂ. ತಕ್ಷಣಕ್ಕೆ ಗೊತ್ತಾಗಲ್ಲ. ಮೊದ್ಲು ಮಗೂನ ಆ ಜಾಗದಿಂದ ಆಚೆ ತರಬೇಕು, ಆಮೇಲೆ ರಕ್ತಪರೀಕ್ಷೆ."

"ಈಗ್ಲೇ ತಂದ್ರೆ?"

"ಎಷ್ಟು ಬೇಗ ತಂದ್ರೆ ಅಷ್ಟು ಒಳ್ಳೇದು."

ಬಾಗಿಲ ಬಳಿ ಮೊದಲ ಕೂಸನ್ನು ಎತ್ತಿಕೊಂಡಿದ್ದ ನರ್ಸಿಗೆ ರಮಾದೇವಿ ಕೈ ಅಡ್ಡ ಹಿಡಿದರು. "ಇಳಿಸು. ಈ ಮಕ್ಕಳಿಗೆ ಏನೂ ಆಗಿಲ್ಲ" ಎಂದರು. ಎಲ್ಲರೂ ಅವರನ್ನೇ ನೋಡುತ್ತಿರುವಾಗ ಮೊಬೈಲ್ ತೆಗೆದು ಮನೆಗೆ ಫೋನು ಮಾಡಿದರು.

"ಅನಿತಾ, ಮಗೂನ ಎತ್ಕೊಂಡು ಈಗ್ಲೇ ಆ ಕೋಣೆಯಿಂದ ಆಚೆ ಬಾ ಕಣೇ; ವಾರ್ಡಲ್ಲಿ ಧೂಳು ಸಿಗ್ಲಿಲ್ಲ ಅಂತ ನಾನು ಪರೀಕ್ಷೆಗೆ ಕೊಟ್ಟಿದ್ದು ನಿನ್ನ ಮಂಚದ ಕೆಳಗಿಂದು!"