ಪರದೆಯ ಮೇಲಿನ ಮನುಷ್ಯ

ಕುಸಿದ ಕಟ್ಟಡದ ಅಡಿಯಲ್ಲಿ ಅದರ ಕಾವಲುಗಾರ ಸಿಕ್ಕಿಕೊಂಡಿದ್ದ. ಕಾಂಕ್ರೀಟ್ ಚಪ್ಪಡಿಗಳನ್ನು ಎತ್ತಲು ಇದ್ದ ಕ್ರೇನ್ ಒಂದೇ. ಮೊದಲು ಎಲ್ಲಿ ಎತ್ತಬೇಕೆಂಬುದೇ ಪ್ರಶ್ನೆಯಾಗಿತ್ತು.

"ಮೆಟ್ಟಿಲ ಕೆಳಗಿದ್ದಾರೆ ಸಾರ್," ಎಂದಳು ಅವನ ಹೆಂಡತಿ. "ಮೂರು ಸಲ ಬಡಿದು ನಿಲ್ಲಿಸ್ತಾರೆ, ಕೇಳಿ. ಮನೆ ಬಾಗಿಲೂ ಹಾಗೇ ಬಡಿಯೋದು ಅವ್ರು."

"ಕಿವಿ ಮೋಸ ಮಾಡುತ್ತೆ ಕಣಮ್ಮ. ಇದು ಮಾಡಲ್ಲ," ಎಂದು ಹುಡುಕಾಟಕ್ಕೆ ನೆರವಾಗಲು ಬಂದಿದ್ದ ವಿಜ್ಞಾನಿ ತನ್ನ ಯಂತ್ರವನ್ನು ತೋರಿಸಿದ. ಅದು ಅವಶೇಷಗಳೊಳಕ್ಕೆ ಮೈಕ್ರೋವೇವ್ ಅಲೆಗಳನ್ನು ಕಳುಹಿಸಿ, ಚದುರಿ ಮರಳಿದವುಗಳಿಂದ ಒಳಗಿನ ಚಿತ್ರವನ್ನು ಕಟ್ಟುತ್ತಿತ್ತು. ಮನುಷ್ಯನ ಆಕಾರ ಎಂತಹದೆಂದು, ಮತ್ತೆ ಮತ್ತೆ ತೋರಿಸಿದ್ದನ್ನು ನೋಡಿ ಕಲಿಯುವ ಅದರ ನ್ಯೂರಲ್ ನೆಟ್‌ವರ್ಕ್‌ಗೆ ಅವನೇ ಕಲಿಸಿದ್ದ.

ಹಿಂಬದಿಯ ಗೋಡೆಯ ಅಡಿಯಲ್ಲಿ ಅಂಗಾತ ಮಲಗಿದ ಗಂಡಸೊಬ್ಬ ಪರದೆಯ ಮೇಲೆ ಸ್ಪಷ್ಟವಾಗಿ ಮೂಡಿದ. ಅವನ ಎಡಗೈ ಮೊಣಕೈಯಿಂದ ಕೆಳಗೆ ಇರಲಿಲ್ಲ.

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಕೈ ಹೋದ್ರೆ ಹೋಗ್ಲಿ ಸಾರ್, ನಾನೇ ತುತ್ತು ಮಾಡಿ ತಿನ್ನಿಸ್ತೀನಿ. ಗೋಡೆ ಕಡೆನೇ ಎತ್ತಿಸಿ."

ಕ್ರೇನ್ ಐದು ಗಂಟೆ ದುಡಿಯಿತು. ಗೋಡೆಯ ಅಡಿಯಲ್ಲಿ ಬಾಗಿದ ಕಬ್ಬಿಣದ ಹೊರತು ಏನೂ ಇರಲಿಲ್ಲ. ಮೆಟ್ಟಿಲ ಕೆಳಗಿನ ಬಡಿತ ಮೂರನೆಯ ಗಂಟೆಯಲ್ಲೇ ನಿಂತುಹೋಗಿತ್ತು.

ಹೆಣ ಆ ಮೆಟ್ಟಿಲ ಕೆಳಗೇ ಸಿಕ್ಕಿತು. ಎರಡು ಕೈಗಳೂ ಇದ್ದವು. ಬಲಗೈಯ ಗೆಣ್ಣುಗಳು ಮಾತ್ರ ಸುಲಿದಿದ್ದವು.

"ಹಾಗಾದ್ರೆ ಆ ಚಿತ್ರದಲ್ಲಿದ್ದೋರು ಯಾರು ಸಾರ್?" ಎಂದು ಅವಳು ಕೇಳಿದಳು.

'ಮನುಷ್ಯನೆಂದರೆ ಇದು' ಎಂದು ಯಂತ್ರಕ್ಕೆ ಕಲಿಸಲು ವಿಜ್ಞಾನಿ ಹನ್ನೆರಡು ಸಾವಿರ ಬಾರಿ ಅದರ ಮುಂದೆ ಮಲಗಿಸಿದ್ದ ಬಟ್ಟೆಯಂಗಡಿಯ ಹಳೆಯ ಗೊಂಬೆಯ ಎಡಗೈ ಮೊಣಕೈಯಿಂದ ಮುರಿದಿತ್ತು.