ಬರೀ ನೀರು

ಟಕ್.

ಬಿಗಿ ಮುಚ್ಚಳವೊಂದು ಬಿಚ್ಚಿಕೊಂಡ ಸದ್ದು. ಜೋಲೀನ್ ಗುಡಾರದ ಕತ್ತಲಲ್ಲಿ ಎದ್ದು ಕೂತಳು. ರಾತ್ರಿ ಒಂದೂವರೆ. ಪಕ್ಕದ ನೀರಿನ ಚಪ್ಪರದಿಂದ ವಿನೆಗರಿನ ಹುಳಿ ವಾಸನೆ ತೇಲಿ ಬಂತು.

ಪರದೆ ಸರಿಸಿದರೆ ಮಾರ್ವಾ. ನೀರು ಹೊರುವವರ ಮುಖ್ಯಸ್ಥೆ, ಅರವತ್ತೆರಡರ ಗಟ್ಟಿಗಿತ್ತಿ. ವಿನೆಗರಿನ ಉಪ್ಪುನೀರಲ್ಲಿ ನೆನೆಸಿದ ಸೌತೆ ಉಪ್ಪಿನಕಾಯಿಯ ಗಾಜಿನ ಭರಣಿ ತಬ್ಬಿಕೊಂಡು, ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಹಾಗೆ ಮೆಲ್ಲುತ್ತಿದ್ದಳು.

"ಅಯ್ಯೋ, ಎದ್ದುಬಿಟ್ಯಾ? ಒಂದೇ ಒಂದು ಹೋಳು ಕಣೇ. ಬೆಳಗಾಗೋದ್ರೊಳಗೆ ಇದನ್ನ ನನ್ನ ಗಾಡೀಲಿ ಬಚ್ಚಿಡ್ಬೇಕು. ಇನ್ಸ್‌ಪೆಕ್ಟರ್ ಕಣ್ಣಿಗೆ ಬಿದ್ರೆ ನಮ್ಮ ಕಥೆ ಮುಗೀತು."

ಜೋಲೀನ್ ಪರದೆಯನ್ನು ಬಿಗಿಯಾಗಿ ಹಿಡಿದಳು. "ಯಾವ ಇನ್ಸ್‌ಪೆಕ್ಟರ್?"

"ವಿಮೆ ಕಂಪನಿಯೋನು. ಹೇಳ್ದೆ ಕೇಳ್ದೆ ಬರ್ತಾನಂತೆ, ನಮ್ಮ ಥರಾನೇ ವೇಷ ಹಾಕ್ಕೊಂಡು. ಯಾರಿಗೂ ಹೇಳ್ಬೇಡ, ಹುಡುಗ್ರು ಹೆದರ್ತಾರೆ."

ಆಮೇಲೆ ಜೋಲೀನ್‌ಗೆ ನಿದ್ದೆ ಹತ್ತಲಿಲ್ಲ.

ಬೆಳಿಗ್ಗೆ ಒಕ್ಲಹೋಮಾದ ಹುಲ್ಲುಗಾವಲು ಬಾಣಲೆಯಂತೆ ಕಾಯುತ್ತಿತ್ತು. ಕಬ್ಬಿಣದ ಕವಚ, ಬೆತ್ತದ ಕತ್ತಿ, ಹುಲ್ಲಿನ ಹೊರೆಗಳ ಕೋಟೆ. ವರ್ಷಕ್ಕೊಮ್ಮೆ ನಡೆಯುವ ಅಣಕು ಯುದ್ಧದಲ್ಲಿ ಇನ್ನೂರು ಮಂದಿ ಆರುನೂರು ವರ್ಷ ಹಿಂದಕ್ಕೆ ಹೋಗಿ ಬಡಿದಾಡಲು ಸಿದ್ಧರಾಗಿದ್ದರು. ಅವರಿಗೆ ನೀರು ಕುಡಿಸಲು ಆರು ಜನ ಸ್ವಯಂಸೇವಕರು. ಜೋಲೀನ್‌ಗೆ ಇದು ಮೊದಲ ಯುದ್ಧ. ಹಿಂದಿನ ಸಂಜೆಯಷ್ಟೇ ಬಂದು ಹೆಸರು ಕೊಟ್ಟವಳು. ಅವಳ ಉದ್ದನೆಯ ಅಂಗಿಯಲ್ಲಿ ಅಂಗಡಿಯ ಮಡಿಕೆ ಇನ್ನೂ ಹೋಗಿರಲಿಲ್ಲ.

"ಕೇಳಿ ಇಲ್ಲಿ," ಮಾರ್ವಾ ದನಿ ಏರಿಸಿದಳು. "ನೀರು ಮಾತ್ರ. ಶರಬತ್ತಿಲ್ಲ, ಕಿತ್ತಳೆ ಹೋಳಿಲ್ಲ. ಹೋದ ವರ್ಷ ಬೇರೆ ಶಿಬಿರದಲ್ಲಿ ಯಾವಳೋ ಪುಣ್ಯಾತ್ಗಿತ್ತಿ ಜೇನು ಶರಬತ್ತು ಕುಡಿಸಿ, ಕುಡಿದೋನಿಗೆ ಅದು ಒಗ್ಗದೆ ಮುಖ ಊದಿ ಕುಂಬಳಕಾಯಿ ಆಯ್ತು. ಈಗ ನೀರು ಬಿಟ್ಟು ಏನು ಕುಡಿಸಿದ್ರೂ, ಕುಡಿಸಿದೋರೇ ಹೊಣೆ. ನಿಮ್ಮ ಮನೆ, ನಿಮ್ಮ ಕಾರು, ಎಲ್ಲ ಹೋಗುತ್ತೆ. ನಮ್ಮ ವಿಮೆನೂ ರದ್ದು. ವಿಮೆ ಇಲ್ದಿದ್ರೆ ಜಮೀನಿನೋನು ಗೇಟೇ ತೆಗೆಯಲ್ಲ. ಇಪ್ಪತ್ಮೂರು ವರ್ಷದ ಯುದ್ಧ ಅಲ್ಲಿಗೆ ಮುಕ್ತಾಯ."

ಎಲ್ಲರೂ ಒಪ್ಪಿಗೆಪತ್ರಕ್ಕೆ ಓದದೆಯೇ ಸಹಿ ಗೀಚಿ ಕೊಟ್ಟರು. ಜೋಲೀನ್ ನಾಲ್ಕು ಪುಟವನ್ನೂ ನಿಧಾನವಾಗಿ ನೋಡಿ ಸಹಿ ಹಾಕಿದಳು.

"ಓದಿ ಸಹಿ ಹಾಕೋರನ್ನ ನಾನು ಇವತ್ತೇ ನೋಡಿದ್ದು," ಎಂದು ಮಾರ್ವಾ ನಕ್ಕಳು. ಮರುಕ್ಷಣ ಜೋಲೀನ್‌ಳ ಮೊಣಕೈ ಹಿಡಿದೆಳೆದಳು. "ಅಲ್ನೋಡು, ಅವ್ನೇ!"

ಹಗ್ಗದ ಬೇಲಿಯ ಬಳಿ ಬೂದು ಗಡ್ಡದವನೊಬ್ಬ ಪುಸ್ತಕದಲ್ಲಿ ಏನೋ ಗುರುತು ಹಾಕಿಕೊಳ್ಳುತ್ತಿದ್ದ.

"ಹೇಗೆ ಗೊತ್ತು?"

"ಯುದ್ಧಕ್ಕೆ ಬಂದೋನು ಪುಸ್ತಕ ಹಿಡ್ಕೊಂಡು ಓಡಾಡ್ತಾನಾ?"

"ಇರಬಹುದು," ಎಂದಳು ಜೋಲೀನ್, ಬೇರೆಲ್ಲೋ ನೋಡುತ್ತಾ.

ಮಧ್ಯಾಹ್ನದೊಳಗೆ ಮಾರ್ವಾ ಅವನ ಬಳಿ ನಾಲ್ಕು ಸಲ ಹೋಗಿಬಂದಳು. "ಸಾರ್, ನೀರು. ಬರೀ ನೀರು. ಬೇಕಾದ್ರೆ ಮೂಸಿ ನೋಡಿ." ಅವನು ಕಕ್ಕಾಬಿಕ್ಕಿಯಾಗಿ ಕುಡಿದ. ಊಟವಾದ ಮೇಲೆ ಅವನೂ ಶಿರಸ್ತ್ರಾಣ ಏರಿಸಿ ಕಣಕ್ಕಿಳಿದಾಗ ಮಾರ್ವಾ ಹಣೆ ಚಚ್ಚಿಕೊಂಡಳು. "ನೋಡಿದ್ಯಾ? ಒಳಗೆ ನುಗ್ಗಿ ಪರೀಕ್ಷೆ ಮಾಡ್ತಾನೆ!"

ಮೂರು ಗಂಟೆಗೆ ಯಾರೋ ಕೂಗಿದರು: "ನಿಲ್ಲಿ!"

ಆಟದ ನಿಯಮದಂತೆ ಇನ್ನೂರು ಜನ ಇದ್ದಲ್ಲೇ ಮಂಡಿಯೂರಿದರು. ಒಬ್ಬ ಮಾತ್ರ ನೆಲಕ್ಕೆ ಬಿದ್ದು ಒದ್ದಾಡುತ್ತಿದ್ದ. ಅವನೇ, ಬೂದು ಗಡ್ಡದವನು. ಎರಡೂ ಮೀನಖಂಡ ಹಗ್ಗ ಹೊಸೆದಂತೆ ಗಂಟುಕಟ್ಟಿದ್ದವು. ಕುಡಿಸಿದ ನೀರನ್ನು ವಾಂತಿ ಮಾಡಿದ. ವೈದ್ಯರು ಕೋಟೆಯ ಆಚೆ ಬದಿಯಲ್ಲಿ ಮುರಿದ ಮಣಿಕಟ್ಟೊಂದನ್ನು ಕಟ್ಟುತ್ತಿದ್ದರು.

"ಉಪ್ಪಿನಕಾಯಿ ನೀರು... ಸೆಳೆತಕ್ಕೆ ಅದೇ ಮದ್ದು," ಅವನು ನರಳಿದ. "ಒಂದು ಗುಟುಕು... ಯಾರ ಹತ್ರಾನಾದ್ರೂ..."

ಮಾರ್ವಾ ಮುಖ ಬಿಳಿಚಿತು. "ಬಲೆ ಬೀಸ್ತಿದಾನೆ ಕಣೇ," ಎಂದು ಪಿಸುಗುಟ್ಟಿದಳು. "ನಾಟಕ."

"ಅವರ ಕಾಲು ನೋಡಿ ಮಾರ್ವಾ. ಕಾಲಿಗೆ ನಾಟಕ ಬರುತ್ತಾ?"

ನೀರು ಬಿಟ್ಟು ಏನು ಕುಡಿಸಿದರೂ ಕುಡಿಸಿದವರೇ ಹೊಣೆ ಎಂಬ ಎರಡನೇ ಪುಟದ ಮೂರನೇ ನಿಯಮ ಜೋಲೀನ್‌ಗೆ ಬಾಯಿಪಾಠವಿತ್ತು. ಅದನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾ ಅವಳು ಮಾರ್ವಾಳ ಗಾಡಿಗೆ ಓಡಿದಳು. ಕಂಬಳಿಯ ಕೆಳಗಿಂದ ಭರಣಿ ಎಳೆದು ತಂದಳು.

"ಇದು ನೀರಲ್ಲ," ಎಂದಳು, ಅವನ ತಲೆ ಎತ್ತಿ ಹಿಡಿದು. "ಬೆಳ್ಳುಳ್ಳಿ, ಸಾಸಿವೆ ಆಗುತ್ತಾ ನಿಮಗೆ?"

"ಎಲ್ಲಾ ಆಗುತ್ತೆ, ಕೊಡಮ್ಮಾ!"

ಭರಣಿಯನ್ನು ಅವನ ಬಾಯಿಗೆ ಬಗ್ಗಿಸಿದಳು.

ಐದು ನಿಮಿಷಕ್ಕೆ ಗಂಟು ಸಡಿಲಿತು. ಹತ್ತು ನಿಮಿಷಕ್ಕೆ ಎದ್ದು ಕೂತ. ಮಾರ್ವಾ ಅವನ ಮುಂದೆ ಕುಕ್ಕರಿಸಿದಳು.

"ಸಾರ್, ಅವಳು ಹೊಸಬಳು. ಏನೂ ಗೊತ್ತಿಲ್ಲ. ಭರಣಿ ನಂದು. ಬರ್ಕೊಳ್ಳೋದಿದ್ರೆ ನನ್ನ ಹೆಸರು ಬರ್ಕೊಳ್ಳಿ."

ಜೋಲೀನ್ ಭರಣಿಯ ಮುಚ್ಚಳ ಬಿಗಿಯಾಗಿ ತಿರುಗಿಸಿದಳು.

"ಬರ್ಕೊಳ್ಳೋದಾ? ಏನನ್ನ?" ಅವನು ತಬ್ಬಿಬ್ಬಾಗಿ ಪುಸ್ತಕ ಬಿಚ್ಚಿ ತೋರಿಸಿದ. ಪುಟದ ತುಂಬಾ ಗುರಾಣಿಗಳ ಚಿತ್ರ. "ನಾನು ಸ್ಕೂಲಲ್ಲಿ ರೇಖಾಗಣಿತ ಹೇಳ್ಕೊಡ್ತೀನಿ ಕಣ್ರೀ. ಚಳಿಗಾಲದ ರಜೇಲಿ ನಂಗೂ ಒಂದು ಗುರಾಣಿ ಮಾಡ್ಕೋಬೇಕು ಅಂತ..."

ಮಾರ್ವಾ ಹುಲ್ಲಿನ ಮೇಲೆ ಕೂತೇ ಬಿಟ್ಟಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಹಾಗಾದ್ರೆ ಆ ಇನ್ಸ್‌ಪೆಕ್ಟರ್ ಬರ್ಲೇ ಇಲ್ಲ! ಬದುಕಿದ್ವಿ ಕಣೇ!" ಎಂದು ಜೋಲೀನ್‌ಳನ್ನು ಪಕ್ಕೆಲುಬು ನೋಯುವಂತೆ ಅಪ್ಪಿಕೊಂಡಳು. "ಮುಂದಿನ ವರ್ಷನೂ ಬರ್ಬೇಕು ನೀನು. ಬರ್ತೀಯ ತಾನೇ?"

"ಬರ್ತೀನಿ," ಎಂದಳು ಜೋಲೀನ್. ಅದು ನಿಜವೆನ್ನಿಸಿ ಅವಳಿಗೇ ಆಶ್ಚರ್ಯವಾಯಿತು.

ಭಾನುವಾರ ಗೇಟು ದಾಟಿದ ಮೇಲೆ ಅವಳು ರಸ್ತೆಬದಿಯಲ್ಲಿ ಕಾರು ನಿಲ್ಲಿಸಿ, ಸೀಟಿನ ಅಡಿಯಿಂದ ಒಂದು ಕಡತ ತೆಗೆದಳು. ಕೊನೆಯ ಪುಟದಲ್ಲಿ ಒಂದೇ ಪ್ರಶ್ನೆ ಉಳಿದಿತ್ತು: ನೀರಲ್ಲದೆ ಬೇರೇನನ್ನಾದರೂ ಕುಡಿಸಿದ್ದು ಕಂಡುಬಂತೇ? ಬಹಳ ಹೊತ್ತು ಪೆನ್ನು ಕಚ್ಚುತ್ತಾ ಕೂತು, "ಇಲ್ಲ" ಎಂದು ಬರೆದಳು.

ಅದರ ಕೆಳಗೆ, 'ವಿಮಾ ಕಂಪನಿಯ ಇನ್ಸ್‌ಪೆಕ್ಟರ್' ಎಂದಿದ್ದ ಕಡೆ ತನ್ನ ಸಹಿ ಹಾಕಿ, ಭರಣಿಯ ವಿಷಯ ಕಂಪನಿಗಾಗಲೀ, ತಾನು ಯಾರೆಂಬುದನ್ನು ಮಾರ್ವಾಗಾಗಲೀ ಎಂದೆಂದಿಗೂ ಹೇಳಬಾರದೆಂದು ತೀರ್ಮಾನಿಸಿದಳು.