ಮೂರನೇ ಗುಡ್ಡೆ

ಇರಬೇಕಾದದ್ದು ಮೂರು ಗುಡ್ಡೆ, ಇದ್ದದ್ದು ಒಂದೇ. ಮುದ್ದೆ ತೊಳಸಿಟ್ಟು ಜಗಲಿಗೆ ಬಂದ ಕುಳ್ಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೊಮ್ಮೆ ನೋಡಿದಳು. ಮಗಳು ಪದ್ಮಶ್ರೀ ಬೆಳಗಿನಿಂದ ಒಬ್ಬಳೇ ಕೂತು ಹೊಗೆಸೊಪ್ಪು ವಿಂಗಡಿಸುತ್ತಿದ್ದಳು. ಚಿನ್ನದ ಬಣ್ಣದ ಎಲೆ ಒಂದು ಕಡೆ, ಕಂದು ತಿರುಗಿದ್ದು ಇನ್ನೊಂದು ಕಡೆ, ಸೊಪ್ಪು ಒಣಗಿಸುವ ಬ್ಯಾರನ್ನಿನ ಕಾವು ಹೆಚ್ಚಾಗಿ ಕಪ್ಪಾದದ್ದು ಮೂರನೇ ಕಡೆ ಹೋಗಬೇಕು. ಹನಗೋಡಿನ ಮಕ್ಕಳು ಅಕ್ಷರಕ್ಕಿಂತ ಮೊದಲು ಕಲಿಯುವ ಕೆಲಸ ಇದು. ಅಂಥದ್ದರಲ್ಲಿ ಇವಳು ಕಂದು ಎಲೆಗಳನ್ನೂ ಬೇರೆ ಮಾಡದೆ, ಕಪ್ಪೆಲೆಗಳನ್ನೆಲ್ಲ ಒಂದೊಂದಾಗಿ ಸವರಿ, ಸುಕ್ಕು ಬಿಡಿಸಿ, ಚಿನ್ನದೆಲೆಗಳ ನಡುವೆ ಮಲಗಿಸಿದ್ದಳು.

ಹಿಂದೆಯೇ ಬಂದ ಗಂಡ ಕರಿಯಪ್ಪನೂ ನೋಡಿದ. ಸಂಜೆಗೆ ಬೇಲು ಕಟ್ಟಿ ನಾಳೆ ಹರಾಜಿಗೆ ಸಾಗಿಸಬೇಕಾದ ಸೊಪ್ಪು. ಬೆರಕೆ ಕಂಡರೆ ಕೊಳ್ಳುವವರು ಆ ಬೇಲಿನ ಮುಂದೆ ನಿಲ್ಲುವುದೂ ಇಲ್ಲ. ಬೇರೆ ಯಾರಾದರೂ ಮಾಡಿದ್ದರೆ ಊರಿಗೆಲ್ಲ ಕೇಳುವಂತೆ ಕೂಗಾಡುತ್ತಿದ್ದ. ಈಗ ಬಾಯಿಗೆ ಬಂದದ್ದನ್ನು ನುಂಗಿಕೊಂಡು, ದನಕ್ಕೆ ನೀರು ಕುಡಿಸುವ ನೆವ ಹೇಳಿ ಹೊರಟ. ಮಗಳು ಬಂದ ದಿನ ಕೋಳಿ ಕುಯ್ಯಲು ಹೋಗಿ, ಅವಳು ನಡುಗಿದ್ದನ್ನು ಕಂಡು, ಅಂದಿನಿಂದ ಬಾಡಿನ ಮಾತೇ ಎತ್ತದ ಪುಣ್ಯಾತ್ಮ ಅವನು. ಬಾಡಿಲ್ಲದೆ ಭಾನುವಾರ ಕಳೆಯುವುದು ಕರಿಯಪ್ಪನ ಮಟ್ಟಿಗೆ ಸಣ್ಣ ತ್ಯಾಗವೇನಲ್ಲ.

ಪದ್ಮಶ್ರೀ ಸೂಡಾನಿನ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದಳು. ಯುದ್ಧ ಶುರುವಾದ ಮೇಲೂ ಒಂದಷ್ಟು ದಿನ ರೋಗಿಗಳನ್ನು ಬಿಟ್ಟು ಬರಲಿಲ್ಲ. ಊರಿಗೆ ಬಂದು ಆರು ತಿಂಗಳಾಗಿತ್ತು. ಆನೆ ಓಡಿಸಲು ಕಾಡಂಚಿನ ಹೊಲದಲ್ಲಿ ಪಟಾಕಿ ಹೊಡೆದರೆ ಸಾಕು, ಮಂಚದ ಕೆಳಗೆ ಸೇರಿಬಿಡುತ್ತಿದ್ದಳು. ಹೆಸರಿಗೆ ಮಾತ್ರ ಕುಳ್ಳಿಯಾದ ಕುಳ್ಳಮ್ಮ ಸೊಂಟ ನೋವಿನಲ್ಲೇ ಅಲ್ಲಿಗೆ ತೂರಿಕೊಂಡು, ಆನೆ ಹೋಯಿತಂತೆ ಬಾ ಎಂದು ಸುಳ್ಳು ಹೇಳಿ ಕರೆತರುತ್ತಿದ್ದಳು. ಮಂಗಳವಾರ ಹುಣಸೂರಿನ ಆಸ್ಪತ್ರೆಗೆ ಮನಸ್ಸಿನ ಡಾಕ್ಟರು ಬರುತ್ತಾರೆಂದು ಆಶಾ ಕಾರ್ಯಕರ್ತೆ ರಾಣಿ ಹೇಳಿದ ಮೇಲೆ, ಪ್ರತಿ ಸೋಮವಾರವೂ ನಾಳೆ ಹೋಗೋಣವೇ ಎಂದು ಮಗಳನ್ನು ಕೇಳಿ ಸೋತಿದ್ದಳು. ಮಗಳದು ಒಂದೇ ಉತ್ತರ: ತನ್ನ ಕೈಕಾಲು ನೆಟ್ಟಗಿವೆ, ನಿಜವಾಗಿ ಬೇಕಾದವರ ಸರದಿಗೆ ತಾನು ಅಡ್ಡ ಹೋಗುವುದಿಲ್ಲ. ಹೀಗೇ ಬಿಟ್ಟರೆ ಮಗಳು ಕೈತಪ್ಪಿ ಹೋಗುತ್ತಾಳೆಂಬ ಭಯ ಕುಳ್ಳಮ್ಮನಿಗೆ. ಇವತ್ತೂ ಸೋಮವಾರ.

ಕುಳ್ಳಮ್ಮ ಬೈಯಲಿಲ್ಲ. ಧೂಳಿಗೆಂದು ತಲೆಗೆ ಸುತ್ತಿದ್ದ ಹಳೇ ಕೆಂಪು ಸೀರೆಯ ತುಂಡನ್ನು ಬಿಗಿ ಮಾಡಿಕೊಂಡು ಎದುರಿಗೆ ಕೂತಳು. ಗುಡ್ಡೆಯಿಂದ ಒಂದು ಕಪ್ಪೆಲೆ ಎತ್ತಿ ಪಕ್ಕಕ್ಕಿಟ್ಟಳು. ಪದ್ಮಶ್ರೀ ಅದನ್ನು ತೆಗೆದು ಗುಡ್ಡೆಗೇ ಸೇರಿಸಿದಳು. ಕುಳ್ಳಮ್ಮ ಇನ್ನೊಂದು ಎತ್ತಿಟ್ಟಳು, ಅದೂ ವಾಪಸ್ಸು ಹೋಯಿತು.

“ಎಲೆ ಕಣ್ ಮಗ ಅದು,” ಅಂದಳು ಕುಳ್ಳಮ್ಮ ಮೆಲ್ಲಗೆ.

“ಗೊತ್ತು ಕಣವ್ವ. ಪಕ್ಕಕ್ಕೆ ಇಡಕ್ಕೆ ಕೈಯೇ ಬತ್ತಿಲ್ಲ.”

ಆಮೇಲೆ ತಲೆ ತಗ್ಗಿಸಿಕೊಂಡೇ ಹೇಳಿದಳು, ಆರು ತಿಂಗಳಲ್ಲಿ ಮೊದಲ ಸಲ. ಒಂದೇ ಏಟಿಗೆ ನೂರಾರು ಗಾಯಾಳುಗಳು ಬರುತ್ತಿದ್ದರಂತೆ, ಡಾಕ್ಟರು ಇಬ್ಬರೇ. ಬಾಗಿಲಲ್ಲಿ ನಿಂತು ಎಲ್ಲರ ಮಣಿಕಟ್ಟಿಗೂ ಪಟ್ಟಿ ಕಟ್ಟುವುದು ಇವಳ ಕೆಲಸ. ಕೆಂಪು ಕಟ್ಟಿದರೆ ಮೊದಲು ನೋಡಬೇಕು. ಹಳದಿಯಾದರೆ ಕಾಯಬಹುದು. ಕಪ್ಪು ಕಟ್ಟಿದವರು ಉಳಿಯುವುದಿಲ್ಲವೆಂದು ಅರ್ಥ, ಅವರನ್ನು ಗೋಡೆ ಪಕ್ಕ ಮಲಗಿಸಿ ಮುಂದಿನವರನ್ನು ನೋಡಬೇಕು. ತಂದ ಪಟ್ಟಿಗಳು ಮುಗಿದ ಮೇಲೆ ಬಟ್ಟೆ ಹರಿದು ಕಟ್ಟಿದರಂತೆ.

“ನಿನ್ ವಯಸ್ಸಿನೋಳು ಒಬ್ಳು ಬಂದ್ಲು. ಕಪ್ಪು ಕಟ್ದೆ. ಅದೇ ಔಷಧಿ ಅನ್ಕಂಡು ನನ್ ಕೈಗೆ ಮುತ್ತು ಕೊಟ್ಲು ಕಣವ್ವ.”

ಕುಳ್ಳಮ್ಮ ಮಗಳ ಕೈಯನ್ನು ತೊಡೆಯ ಮೇಲೆ ಎಳೆದುಕೊಂಡು, ಸೊಪ್ಪಿನ ಧೂಳು ಹತ್ತಿದ ಬೆರಳುಗಳನ್ನು ಒಂದೊಂದಾಗಿ ಸೆರಗಿನಿಂದ ಒರೆಸಿದಳು. ಅಳು ಬಂತು, ಅತ್ತಳು. ಇಂಥ ಬೆರಳಿಗೆ ಇಂಥ ಕೆಲಸ ಬಂತಲ್ಲ ಎಂದುಕೊಂಡಳು. ಅತ್ತು ಮುಗಿದ ಮೇಲೆ ತಲೆಯ ಬಟ್ಟೆ ಬಿಚ್ಚಿ, ಅಂಚನ್ನು ಹಲ್ಲಿನಿಂದ ಕಚ್ಚಿ, ಪರ್ರನೆ ಒಂದು ಪಟ್ಟಿ ಹರಿದಳು. ಅದನ್ನು ಮಗಳ ಮಣಿಕಟ್ಟಿಗೆ ಸುತ್ತಿ ಗಂಟು ಹಾಕಿದಳು.

“ಕೆಂಪು ಕಟ್ದೋರ್ನ ಮೊದ್ಲು ನೋಡ್ಬೇಕು ಅಂದ್ಯಲ್ಲ. ನಾಳೆ ಮಂಗಳವಾರ. ಸೊಪ್ಪು ಬೇಕಾದ್ರೆ ಕಾಯ್ಲಿ ಬುಡು.”

ಕೊಟ್ಟಿಗೆಯ ಕಡೆಯಿಂದ ಯಾರೋ ಗಂಟಲು ಸರಿ ಮಾಡಿಕೊಂಡದ್ದು ಕೇಳಿಸಿತು. ಕರಿಯಪ್ಪ ದನದ ಹತ್ತಿರ ಹೋಗೇ ಇರಲಿಲ್ಲ, ಆಸಾಮಿ ಗೋಡೆಯಾಚೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಬೆಳಿಗ್ಗೆ ಬಸ್ಸಿಗೆ ಕಾಯುವುದು ಬೇಡ, ಸೊಪ್ಪಿಗೆಂದು ಹೇಳಿಟ್ಟ ಆಟೋದಲ್ಲೇ ಮೂವರೂ ಹೋಗೋಣ ಎಂದು ಅಲ್ಲಿಂದಲೇ ಹೇಳಿದ.

ಪದ್ಮಶ್ರೀ ಕೆಂಪು ಪಟ್ಟಿಯನ್ನೇ ನೋಡಿದಳು. ಎಲ್ಲಿ ಬಿಚ್ಚಿ ಎಸೆಯುತ್ತಾಳೋ ಎಂದು ಕುಳ್ಳಮ್ಮ ಹೆದರಿದಳು. ಮಗಳು ಗಂಟಿನ ಅಡಿಗೆ ಬೆರಳು ತೂರಿಸಿ ಎಳೆದು ಪರೀಕ್ಷೆ ಮಾಡಿದಳು. ಆಮೇಲೆ ಆ ಕೈಯನ್ನು ಅವ್ವನ ಮುಂದೆ ಚಾಚಿದಳು.

“ಸಡ್ಲ ಅದೆ ಕಣವ್ವ. ಹುಣಸೂರು ಸೇರೋದ್ರೊಳಗೆ ಬಿದ್ದೋಯ್ತದೆ. ಬಿಗಿಯಾಗಿ ಕಟ್ಟು.”